ಎರರ್ ಬಂತು ಅಂತ ಮತ್ತೆ ಇನ್‌ಸ್ಟಾಲ್ ಮಾಡಬೇಡಿ

(ಮನೆಯಲ್ಲಿ, ಸಣ್ಣ ಸ್ಟುಡಿಯೋಗಳಲ್ಲಿ ಸ್ಟೋರೇಜ್ ಸರ್ವರ್ ಹಾಕಿಕೊಳ್ಳುವವರಿಗಾಗಿ ಹುಬ್ಬಳ್ಳಿಯಲ್ಲಿ ಆಡಿದ ಮಾತಿನ ಬರಹ ರೂಪ)

ನಿಮ್ಮಲ್ಲಿ ಎಷ್ಟು ಜನ ಹಳೆ ಆಫೀಸ್ ಪಿಸಿ ತಂದು, ಅದಕ್ಕೆ ಎರಡು ಹಾರ್ಡ್ ಡಿಸ್ಕ್ ಹಾಕಿ, ಇದನ್ನೇ ಮನೆಯ ಸರ್ವರ್ ಮಾಡೋಣ ಅಂತ ಕೂತಿದ್ದೀರಿ? ಕೈ ಎತ್ತಿ. ಸರಿ, ಸುಮಾರು ಜನ ಇದ್ದೀರಿ. ಈಗ ಆ ಪಿಸಿ ಇವತ್ತಿಗೂ ಸರಿಯಾಗಿ ಓಡುತ್ತಿದೆ ಅನ್ನುವವರು ಮಾತ್ರ ಕೈ ಮೇಲಿಟ್ಟುಕೊಳ್ಳಿ. ನೋಡಿ, ಎಷ್ಟು ಕೈ ಇಳಿದವು. ಇವತ್ತಿನ ಮಾತು ಆ ಇಳಿದ ಕೈಗಳಿಗೆ.

ಯಾವ ಡಿಸ್ಕ್ ತಗೋಬೇಕು, ಡಿಸ್ಕುಗಳನ್ನು ಒಟ್ಟಿಗೆ ಜೋಡಿಸುವ ರೇಡ್ ಬೇಕಾ ಬೇಡವಾ, ಅದನ್ನೆಲ್ಲ ಇವತ್ತು ಮುಟ್ಟುವುದಿಲ್ಲ. ಡಿಸ್ಕಿನವರೆಗೆ ಬರುವ ಮೊದಲೇ ಜನ ಸುಸ್ತಾಗಿ ಬಿಟ್ಟುಬಿಡುತ್ತಾರೆ. ಉದಾಹರಣೆಗೆ ಓಪನ್‌ಮೀಡಿಯಾವಾಲ್ಟ್ ಇಟ್ಟುಕೊಳ್ಳುತ್ತೇನೆ, ಪಿಸಿಯನ್ನು ಸ್ಟೋರೇಜ್ ಸರ್ವರ್ ಮಾಡುವ ಸಾಫ್ಟ್‌ವೇರ್ ಅದು. ದುಡ್ಡು ಕೊಡಬೇಕಿಲ್ಲ, ಹಳೆ ಮಷೀನಿನಲ್ಲೂ ಓಡುತ್ತದೆ, ಕೆಳಗೆ ಡೆಬಿಯನ್ ಲಿನಕ್ಸ್ ಇದೆ. ಡೆಬಿಯನ್ 1993ರಿಂದ ಇರುವ ಸಿಸ್ಟಮ್, ಉಬುಂಟು, ರಾಸ್ಪ್‌ಬೆರಿ ಪೈ ಓಎಸ್ ಎರಡನ್ನೂ ಕಟ್ಟಿರುವುದು ಅದರ ಮೇಲೇ. ಹಾಗಾಗಿ ಇಲ್ಲಿ ಕಲಿತದ್ದು ಉಬುಂಟುವಿಗೂ ನಡೆಯುತ್ತದೆ, ರಾಸ್ಪ್‌ಬೆರಿ ಪೈಗೂ ನಡೆಯುತ್ತದೆ.

ನನಗೆ ಬರುವ ಫೋನ್ ಹೆಚ್ಚುಕಡಿಮೆ ಹೀಗಿರುತ್ತದೆ: "ಸರ, ಪ್ಯಾಕೇಜ್ ಸಿಗವಲ್ದು ಅಂತ ಬರಾಕತ್ತೇತ್ರಿ, ಮತ್ತ ಮೊದಲಿಂದ ಹಾಕ್ಲೇನ್ರಿ?" ಬ್ಯಾಡ್ರಿ, ಮ್ಯಾಲ ಏನ್ ಬಂದೇತಿ ಅದನ್ನ ಓದ್ರಿ, ಅನ್ನುತ್ತೇನೆ. ಮೇಲೆ ಅಂದರೆ ಸ್ಕ್ರೀನಿನಲ್ಲಿ ಮೇಲೆ. ಡೆಬಿಯನ್‌ನಲ್ಲಿ ಪ್ಯಾಕೇಜ್, ಅಂದರೆ ಸಾಫ್ಟ್‌ವೇರ್, ತಂದು ಹಾಕುವ ಕಮಾಂಡಿನ ಹೆಸರು ಆಪ್ಟ್. ಪ್ಯಾಕೇಜುಗಳ ಪಟ್ಟಿ ತರಲು ಆಪ್ಟ್ ಅಪ್‌ಡೇಟ್ ಕೊಟ್ಟಾಗ ಕೆಳಗೆ ಉಳಿಯುವ ಸಾಲು ಎಲ್ಲರಿಗೂ ಒಂದೇ, "ಸಮ್ ಇಂಡೆಕ್ಸ್ ಫೈಲ್ಸ್ ಫೇಲ್ಡ್ ಟು ಡೌನ್‌ಲೋಡ್". ಅದಾದಮೇಲೆ ಏನು ಇನ್‌ಸ್ಟಾಲ್ ಮಾಡಲು ಹೋದರೂ "ಅನೇಬಲ್ ಟು ಲೊಕೇಟ್ ಪ್ಯಾಕೇಜ್". ಜನ ಈ ಕೊನೆಯ ಸಾಲನ್ನೇ ಹುಡುಕುತ್ತಾರೆ. ಅದಕ್ಕೆ ಸಾವಿರ ಉತ್ತರ ಸಿಗುತ್ತವೆ, ಸಾವಿರವೂ ಬೇರೆ ಬೇರೆ. ನಿಜವಾದ ಕಾರಣ ಮೊದಲು ಬಂದ ಎರರ್ ಸಾಲಿನಲ್ಲಿರುತ್ತದೆ, ಅದು ಅಷ್ಟೊತ್ತಿಗೆ ಮೇಲಕ್ಕೆ ಹೋಗಿ ಕಾಣದಂತಾಗಿರುತ್ತದೆ. ಆಪ್ಟ್ ಪಟ್ಟಿಯನ್ನೇ ತರಲಾಗದಿದ್ದರೆ ಅದಕ್ಕೆ ಪ್ಯಾಕೇಜ್ ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು? ಪ್ಯಾಕೇಜ್ ಸಮಸ್ಯೆ ಅಂತ ನನ್ನ ಹತ್ತಿರ ಬಂದವುಗಳಲ್ಲಿ ಬಹಳಷ್ಟು ಕೊನೆಗೆ ನೆಟ್‌ವರ್ಕ್ ಸಮಸ್ಯೆಯೇ ಆಗಿರುತ್ತವೆ. ಮತ್ತೆ ಇನ್‌ಸ್ಟಾಲ್ ಮಾಡಿದರೆ ಅದೇ ಕೇಬಲ್, ಅದೇ ರೌಟರ್, ಅದೇ ಎರರ್.

ಹಾಗಾಗಿ ಕೆಳಗಿನಿಂದ ಶುರು ಮಾಡೋಣ, ಕೇಬಲಿನಿಂದ.

ಲ್ಯಾನ್ ಪೋರ್ಟಿನ ಪಕ್ಕ ಪುಟ್ಟ ದೀಪ ಇರುತ್ತದೆ. ಅದು ಉರಿಯುತ್ತಿದೆಯಾ? ಉರಿದು, ಆರಿ, ಮತ್ತೆ ಉರಿದು, ಹೀಗೆ ಮಾಡುತ್ತಿದೆಯಾ? ಈ ಎರಡನೆಯದನ್ನು ನಮ್ಮ ಊರಲ್ಲಿ ನಾನು ಬಹಳ ನೋಡಿದ್ದೇನೆ. ಲ್ಯಾನ್ ಕೇಬಲ್ ಒಳಗೆ ಎಂಟು ತಂತಿ ಇರುತ್ತವೆ. 100 ಎಂಬಿಪಿಎಸ್‌ಗೆ ನಾಲ್ಕು ಸಾಕು, 1, 2, 3 ಮತ್ತು 6. ಗಿಗಾಬಿಟ್‌ಗೆ, ಅಂದರೆ 1000ಕ್ಕೆ, ಎಂಟೂ ಬೇಕು. ಸಿಸಿಟಿವಿ ಹಾಕುವ ಹುಡುಗರು ಕೆಲವೊಮ್ಮೆ ಒಂದೇ ಕೇಬಲನ್ನು ಸೀಳಿ ನಾಲ್ಕು ತಂತಿ ಕ್ಯಾಮೆರಾಕ್ಕೆ, ಉಳಿದ ನಾಲ್ಕು ಕಂಪ್ಯೂಟರಿಗೆ ಕೊಟ್ಟು ಹೋಗಿರುತ್ತಾರೆ. ಹಳೆ ಪಿಸಿಗೆ ಅದು ನಡೆಯುತ್ತಿತ್ತು. ಈಗ ಗಿಗಾಬಿಟ್ ಕಾರ್ಡ್ ಇರುವ ಪಿಸಿ ಬಂತು. ಅದು ಆ ಕಡೆಯ ರೌಟರಿನ ಜೊತೆ ಮೊದಲು ಮಾತಾಡುವುದು ಅದೇ ನಾಲ್ಕು ತಂತಿಗಳಲ್ಲಿ. ಇಬ್ಬರೂ ಗಿಗಾಬಿಟ್ ಅಂತ ಒಪ್ಪಿಕೊಳ್ಳುತ್ತಾರೆ, ಆಮೇಲೆ ಎಂಟು ತಂತಿ ಹುಡುಕಿದರೆ ನಾಲ್ಕೇ ಇವೆ, ಕನೆಕ್ಷನ್ ಬೀಳುತ್ತದೆ, ಮತ್ತೆ ಮೊದಲಿಂದ ಶುರು. ದೀಪ ಅದಕ್ಕೇ ಉರಿದು ಆರುವುದು. ನೀವು ಇತ್ತ ಕೂತು ಡೆಬಿಯನ್ ಸರಿ ಇಲ್ಲ ಅಂತ ಬೈಯುತ್ತಿರುತ್ತೀರಿ.

ಕೆಲವು ಕಾರ್ಡುಗಳು ತಾವೇ ಜಾಣತನದಿಂದ 100ಕ್ಕೆ ಇಳಿದುಬಿಡುತ್ತವೆ. ಆಗ ಎಲ್ಲ ನಡೆಯುತ್ತದೆ, ಆದರೆ ನಿಧಾನ. ಇಥ್‌ಟೂಲ್ ಅಂತ ಒಂದು ಕಮಾಂಡ್ ಇದೆ, ಅದು ಈಗಿನ ಸ್ಪೀಡ್ ಎಷ್ಟು ಅಂತ ಹೇಳುತ್ತದೆ. 1000 ಇರಬೇಕಾದ ಕಡೆ 100 ಕಂಡರೆ ಕೇಬಲ್ ಬದಲಿಸಿ. ಮದುವೆ ಶೂಟ್ ಮಾಡುವ ಅಣ್ಣಂದಿರು ಇಲ್ಲಿದ್ದೀರಿ, ನಿಮಗಾಗಿ ಲೆಕ್ಕ ಹೇಳುತ್ತೇನೆ. 64 ಜಿಬಿ ಕಾರ್ಡ್ ಪೂರ್ತಿ ಸರ್ವರಿಗೆ ಹಾಕಲು ಗಿಗಾಬಿಟ್‌ನಲ್ಲಿ ಹತ್ತು ನಿಮಿಷ ಸಾಕು, 100ರಲ್ಲಿ ಒಂದೂವರೆ ಗಂಟೆ.

ದೀಪವೇ ಇಲ್ಲ, ಲಿನಕ್ಸಿಗೆ ಕಾರ್ಡೇ ಕಾಣುತ್ತಿಲ್ಲ ಅಂದರೆ ಡ್ರೈವರ್ ಅಥವಾ ಫರ್ಮ್‌ವೇರ್, ಅಂದರೆ ಕಾರ್ಡ್ ನಡೆಸುವ ಸಾಫ್ಟ್‌ವೇರಿನ ವಿಷಯ. ಹೊಸ ಮದರ್‌ಬೋರ್ಡಿಗೆ ಹಳೆ ಡೆಬಿಯನ್ ಹಾಕಿದರೆ ಹೀಗಾಗುತ್ತದೆ. 2023ರಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ, ಅದಕ್ಕಿಂತ ಹಳೆಯದರಲ್ಲಿ ಬೇರೆ ತಂದು ಹಾಕಬೇಕಿತ್ತು. ಆದರೆ ಡ್ರೈವರ್ ತರಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು, ಏನು ಮಾಡೋದು? ನಿಮ್ಮ ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲಿನಿಂದ ಪಿಸಿಗೆ ಚುಚ್ಚಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಫೋನೇ ಒಂದು ನೆಟ್‌ವರ್ಕ್ ಕಾರ್ಡ್ ಆಗಿ ಕಾಣಿಸುತ್ತದೆ. ಚಾರ್ಜಿಂಗ್‌ಗೆ ಮಾತ್ರ ಬರುವ ಅಗ್ಗದ ಕೇಬಲ್ ಬೇಡ, ಡೇಟಾ ಹೋಗುವಂಥದ್ದು ಬೇಕು.

ಮುಂದೆ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಪಿಸಿಯ ನಂಬರ್. "ಐಪಿ ಎ" ಅಂತ ಟೈಪ್ ಮಾಡಿದರೆ ಕಾಣುತ್ತದೆ. 192.168 ಅಂತ ಶುರುವಾದರೆ ರೌಟರ್ ಕೊಟ್ಟಿದೆ ಅಂತ ಅರ್ಥ. ಏನೂ ಇಲ್ಲದಿದ್ದರೆ, ಇಲ್ಲಾ 169.254 ಅಂತ ಇದ್ದರೆ, ಯಾರೂ ಕೊಟ್ಟಿಲ್ಲ, ಪಿಸಿ ಕೇಳಿ ಕೇಳಿ ಸಾಕಾಗಿ ತಾನೇ ಒಂದು ನಂಬರ್ ಇಟ್ಟುಕೊಂಡಿದೆ. ಅಲ್ಲಿಗೆ ಆಪ್ಟ್ ಮರೆತುಬಿಡಿ, ರೌಟರಿನ ಹತ್ತಿರ ಹೋಗಿ.

ಈಗ ಎರಡು ರೌಟರಿನ ಕಥೆ. ವಿದ್ಯಾನಗರದ ಒಂದು ಮನೆ, ಕೆಳಗೆ ಹಾಲಿನಲ್ಲಿ ಫೈಬರ್ ಕಂಪನಿಯವರು ಹಾಕಿದ ಡಬ್ಬಿ, ಅದರಲ್ಲೇ ವೈಫೈ. ಮಹಡಿಗೆ ಸಿಗ್ನಲ್ ಬರಲ್ಲ ಅಂತ ಮಗ ಇನ್ನೊಂದು ರೌಟರ್ ತಂದು ಮೇಲೆ ಹಾಕಿದ್ದಾನೆ, ಸರ್ವರನ್ನು ಅದಕ್ಕೆ ಜೋಡಿಸಿದ್ದಾನೆ. ಅವನ ಲ್ಯಾಪ್‌ಟಾಪಿನಲ್ಲಿ ಎಲ್ಲ ಬರುತ್ತದೆ. ಕೆಳಗೆ ಕೂತ ಅಪ್ಪನ ಫೋನಿನಲ್ಲಿ ಏನೂ ಇಲ್ಲ. ಅಪ್ಪ ಸರ್ವರೇ ಕೆಟ್ಟಿದೆ ಅಂತಾರೆ, ಮಗ ಅಪ್ಪನ ಫೋನ್ ಹಳೇದು ಅಂತಾನೆ. ಇಬ್ಬರದೂ ತಪ್ಪು. ಮೇಲಿನ ರೌಟರ್ ತನ್ನದೇ ಒಂದು ಬೇರೆ ನೆಟ್‌ವರ್ಕ್ ಮಾಡಿಕೊಂಡಿದೆ, ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಒಳಗೆ ಬರುವ ಹಾಗಿಲ್ಲ. ಮೇಲಿನ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದರೆ ಮನೆಯೆಲ್ಲ ಒಂದೇ ನೆಟ್‌ವರ್ಕ್ ಆಗುತ್ತದೆ. ಆ ಮೋಡ್ ಇಲ್ಲದಿದ್ದರೆ ಅದಕ್ಕೆ ಕೆಳಗಿನದಕ್ಕಿಂತ ಬೇರೆ ಐಪಿ ಕೊಟ್ಟು, ಐಪಿ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಕೆಳಗಿನಿಂದ ಬಂದ ಕೇಬಲನ್ನು ಹೊರಗಿನ ನೆಟ್‌ಗೆ ಇರುವ ವ್ಯಾನ್ ತೂತಿಗೆ ಅಲ್ಲ, ಲ್ಯಾನ್ ತೂತಿಗೆ ಹಾಕಿ.

ಐಪಿ ಬಂತು, ಆದರೂ ಅಪ್‌ಡೇಟ್ ಆಗುತ್ತಿಲ್ಲ. ಆಗ ಮೂರು ಪಿಂಗ್, ಅಂದರೆ ಇದ್ದೀಯಾ ಅಂತ ಕೇಳುವ ಸಣ್ಣ ಸಂದೇಶ. ಮೊದಲು ರೌಟರಿಗೆ. ಆಮೇಲೆ ಹೊರಗೆ ಇಂಟರ್‌ನೆಟ್‌ನಲ್ಲಿರುವ 8.8.8.8ಕ್ಕೆ. ಆಮೇಲೆ ಹೆಸರಿಗೆ, ಅಂದರೆ ಡೆಬ್ ಡಾಟ್ ಡೆಬಿಯನ್ ಡಾಟ್ ಆರ್ಗ್‌ಗೆ. ಮೊದಲಿನದೇ ಬಿದ್ದರೆ ಮನೆಯೊಳಗಿನ ಸಮಸ್ಯೆ. ಎರಡನೆಯದು ಬಿದ್ದರೆ ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲಿನ ವಿಳಾಸ, ತಪ್ಪಿದೆ, ಇಲ್ಲಾ ನೆಟ್ ಕಂಪನಿಯದ್ದೇ ಹೋಗಿದೆ. ಮೊದಲ ಎರಡು ಬಂದು ಮೂರನೆಯದು ಬಿದ್ದರೆ ಡಿಎನ್‌ಎಸ್, ಅಂದರೆ ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ. ಆಗ ಆಪ್ಟ್ ಹೇಳುವ ಸಾಲು "ಟೆಂಪರರಿ ಫೈಲ್ಯೂರ್ ರಿಸಾಲ್ವಿಂಗ್". ಟೆಂಪರರಿ ಅಂತ ನಂಬಿಕೊಂಡು ಟೀ ಕುಡಿದು ಬಂದರೆ ಅದು ತಾನಾಗಿ ಸರಿಹೋಗುವುದಿಲ್ಲ.

ಇದು ಓಪನ್‌ಮೀಡಿಯಾವಾಲ್ಟ್‌ನಲ್ಲಿ ಹೇಗೆ ಆಗುತ್ತದೆ ಗೊತ್ತಾ? ಇನ್‌ಸ್ಟಾಲ್ ಆಗುವಾಗ ಎಲ್ಲ ಸರಿ ಇರುತ್ತದೆ. ಆಮೇಲೆ ಯಾರೋ ಸರ್ವರಿಗೆ ಸ್ಟ್ಯಾಟಿಕ್, ಅಂದರೆ ಬದಲಾಗದ ಐಪಿ ಬೇಕು ಅಂತಾರೆ, ನೀವು ಹೋಗಿ ವಿಳಾಸ ಹಾಕುತ್ತೀರಿ, ಗೇಟ್‌ವೇ ಹಾಕುತ್ತೀರಿ, ಡಿಎನ್‌ಎಸ್ ಅಂತ ಒಂದು ಖಾಲಿ ಡಬ್ಬ ಇರುತ್ತದೆ, ಅದನ್ನು ಖಾಲಿ ಬಿಟ್ಟು ಸೇವ್ ಕೊಡುತ್ತೀರಿ. ಡಿಎಚ್‌ಸಿಪಿ ಇದ್ದಾಗ ಅದನ್ನು ರೌಟರೇ ತುಂಬುತ್ತಿತ್ತು, ಈಗ ಯಾರೂ ತುಂಬುವವರಿಲ್ಲ. ಅಲ್ಲಿ ರೌಟರಿನ ವಿಳಾಸ ಹಾಕಿ, ಇಲ್ಲಾ 1.1.1.1 ಹಾಕಿ. ಕೆಲವರು ರಿಸಾಲ್ವ್ ಡಾಟ್ ಕಾನ್ಫ್ ಫೈಲನ್ನು ಕೈಯಿಂದ ತಿದ್ದುತ್ತಾರೆ. ಮಷೀನ್ ರೀಸ್ಟಾರ್ಟ್ ಆದಮೇಲೆ ನಿಮ್ಮ ತಿದ್ದುಪಡಿ ಹೋಗಿರುತ್ತದೆ, ಆ ಫೈಲನ್ನು ಸಿಸ್ಟಮ್ ತಾನೇ ಬರೆಯುತ್ತದೆ. ವೆಬ್ ಪೇಜಿನಲ್ಲಿ ತಿದ್ದಿ. ವೆಬ್ ಪೇಜೇ ತೆರೆಯುತ್ತಿಲ್ಲವಾದರೆ ಮಾನಿಟರ್, ಕೀಬೋರ್ಡ್ ಚುಚ್ಚಿ "ಓಎಂವಿ-ಫಸ್ಟ್‌ಏಡ್" ಅಂತ ಟೈಪ್ ಮಾಡಿ, ನೆಟ್‌ವರ್ಕ್ ಮತ್ತೆ ಹೊಂದಿಸುವ ಮೆನು ಬರುತ್ತದೆ. ನನ್ನನ್ನು ಕೇಳಿದರೆ ಸ್ಟ್ಯಾಟಿಕ್ ಐಪಿಯೇ ಬೇಡ. ರೌಟರಿನಲ್ಲಿ ಈ ಮ್ಯಾಕ್ ವಿಳಾಸದವನಿಗೆ (ನೆಟ್‌ವರ್ಕ್ ಕಾರ್ಡಿನ ಸ್ವಂತ ನಂಬರ್ ಅದು) ಯಾವಾಗಲೂ ಇದೇ ಐಪಿ ಕೊಡು ಅಂತ ರಿಸರ್ವೇಷನ್ ಮಾಡಿಬಿಡಿ. ಸರ್ವರ್ ಆರಾಮಾಗಿ ಡಿಎಚ್‌ಸಿಪಿಯಲ್ಲೇ ಇರಲಿ.

ಹಾಸ್ಟೆಲ್ ಹುಡುಗರು ಯಾರಾದರೂ ಇದ್ದೀರಾ? ಧಾರವಾಡದ ಒಂದು ಹಾಸ್ಟೆಲಿನಿಂದ ಒಬ್ಬ ಫೋಟೋ ಕಳಿಸಿದ್ದ. ಪಿಂಗ್ ಎಲ್ಲ ಬರುತ್ತಿದೆ, ಆಪ್ಟ್ ಮಾತ್ರ "ಕ್ಲಿಯರ್‌ಸೈನ್ಡ್ ಫೈಲ್ ಈಸ್ ನಾಟ್ ವ್ಯಾಲಿಡ್, ಗಾಟ್ ನೋಸ್ಪ್ಲಿಟ್" ಅನ್ನುತ್ತಿದೆ. ಅವನು ಪಟ್ಟಿಯ ಸಹಿ ಪರೀಕ್ಷಿಸುವ ಕೀ ಕೆಟ್ಟಿದೆ ಅಂತ ಎಲ್ಲ ಕೀ ಅಳಿಸಿ ಕೂತಿದ್ದ. ಆ ಸಾಲಿನ ಕೊನೆಯಲ್ಲೇ ಬ್ರಾಕೆಟ್‌ನಲ್ಲಿ ಒಂದು ಪ್ರಶ್ನೆ ಇದೆ, ನಿಮ್ಮ ನೆಟ್‌ವರ್ಕಿಗೆ ಲಾಗಿನ್ ಬೇಕಾ ಅಂತ. ಹಾಸ್ಟೆಲ್ ವೈಫೈಗೆ ಬ್ರೌಸರಿನಲ್ಲಿ ಲಾಗಿನ್ ಆಗಬೇಕು. ಸರ್ವರಿನಲ್ಲಿ ಬ್ರೌಸರ್ ಇಲ್ಲ. ಆಪ್ಟ್ ಪಟ್ಟಿ ಕೇಳಿದರೆ ಲಾಗಿನ್ ಪೇಜ್ ಬಂದು ಬೀಳುತ್ತಿತ್ತು. ಅದನ್ನು ನೋಡಿ ಆಪ್ಟ್ ಇದೇನಿದು ಅನ್ನುತ್ತಿತ್ತು, ಅಷ್ಟೇ. ಅವನು ಇನ್‌ಸ್ಟಾಲ್ ಮುಗಿಯುವ ತನಕ ಫೋನಿನ ಹಾಟ್‌ಸ್ಪಾಟಿಗೆ ಹೋದ.

ಇನ್ನು ಗಡಿಯಾರ. ಇದನ್ನು ಯಾರೂ ನೆಟ್‌ವರ್ಕ್ ಸಮಸ್ಯೆ ಅಂತ ಎಣಿಸುವುದಿಲ್ಲ, ಪ್ಯಾಕೇಜ್ ಸಮಸ್ಯೆ ಅಂತಲೂ ಎಣಿಸುವುದಿಲ್ಲ. ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿ ಅಂದರೆ ಗೋಡೌನಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಪಿಸಿ. ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್ 2032 ಅಂತ ಅದರ ಮೇಲೇ ಬರೆದಿರುತ್ತದೆ. ಅದು ಸತ್ತಿದ್ದರೆ ಪ್ಲಗ್ ತೆಗೆದಾಗಲೆಲ್ಲ ಪಿಸಿ ತಾರೀಖು ಮರೆತು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಡೆಬಿಯನ್ ಕಳಿಸುವ ಪಟ್ಟಿಯ ಮೇಲೆ ತಾರೀಖು ಇರುತ್ತದೆ, ಸಹಿ ಇರುತ್ತದೆ. ನಿಮ್ಮ ಪಿಸಿಯ ಪ್ರಕಾರ ಆ ತಾರೀಖು ಇನ್ನೂ ಬಂದೇ ಇಲ್ಲ! ಆಪ್ಟ್ "ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್" ಅಂತ ನಿಲ್ಲುತ್ತದೆ, ಪಾಪ ಇನ್ನೆಷ್ಟು ದಿನ ಕಾಯಬೇಕು ಅಂತಲೂ ಲೆಕ್ಕ ಕೊಡುತ್ತದೆ. ಎಚ್‌ಟಿಟಿಪಿಎಸ್ ಸೈಟುಗಳು ಸರ್ಟಿಫಿಕೇಟ್ ಸರಿ ಇಲ್ಲ ಅನ್ನುತ್ತವೆ. "ಡೇಟ್" ಅಂತ ಟೈಪ್ ಮಾಡಿ ನೋಡಿ, ತಪ್ಪಿದ್ದರೆ ಕೈಯಿಂದ ಸರಿ ಮಾಡಿ, ಮುಂದಿನ ಸಲ ಪೇಟೆಗೆ ಹೋದಾಗ ಬ್ಯಾಟರಿ ತನ್ನಿ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ತಾರೀಖು ನೋಡುವುದನ್ನೇ ಬಂದ್ ಮಾಡುವ ಕಮಾಂಡ್ ಅಂತರ್ಜಾಲದಲ್ಲಿ ಸಿಗುತ್ತದೆ, ಅದನ್ನು ಹಾಕಬೇಡಿ. ಹಳೆಯ, ತೂತಿರುವ ಪ್ಯಾಕೇಜನ್ನು ಯಾರಾದರೂ ನಿಮಗೆ ಹೊಸದು ಅಂತ ಕೊಡಬಾರದು ಅಂತಲೇ ಆ ತಪಾಸಣೆ ಇರುವುದು.

ಪಿಂಗ್ ಸರಿ, ಡಿಎನ್‌ಎಸ್ ಸರಿ, ಗಡಿಯಾರ ಸರಿ, ಆದರೂ ಡೌನ್‌ಲೋಡ್ ಸೊನ್ನೆ ಪರ್ಸೆಂಟಿನಲ್ಲಿ ನಿಂತಿದೆ ಅನ್ನುವವರೂ ಇದ್ದಾರೆ. ಎರಡು ಕಾರಣ ನೋಡಬೇಕು. ಒಂದು ಐಪಿವಿ6, ಅಂದರೆ ಹೊಸ ಬಗೆಯ ಐಪಿ; ಹಳೆಯದು ಐಪಿವಿ4. ರೌಟರ್ ಐಪಿವಿ6 ವಿಳಾಸ ಕೊಟ್ಟಿದೆ, ಆದರೆ ಆ ದಾರಿ ಹೊರಗೆ ಹೋಗುತ್ತಿಲ್ಲ. ಆಪ್ಟ್ ಮೊದಲು ಅದನ್ನೇ ಹಿಡಿದು ಕಾಯುತ್ತದೆ. ಕನೆಕ್ಟಿಂಗ್ ಅಂತ ನಿಂತ ಸಾಲಿನಲ್ಲಿ ಕೋಲನ್ ತುಂಬಿದ ಉದ್ದ ವಿಳಾಸ ಕಂಡರೆ ಇದೇ. ಆಪ್ಟ್‌ನ ಸೆಟ್ಟಿಂಗಿನಲ್ಲಿ ಫೋರ್ಸ್-ಐಪಿವಿ4 ಅಂತ ಒಂದಿದೆ, ಅದನ್ನು ಹಾಕಿದರೆ ನೇರ ಹಳೆ ದಾರಿ ಹಿಡಿಯುತ್ತದೆ.

ಇನ್ನೊಂದು ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವ ಪಿಪಿಪಿಒಇ ಲೈನುಗಳಲ್ಲಿ ಒಂದು ಪ್ಯಾಕೆಟ್ ಸಾಮಾನ್ಯವಾಗಿ 1492 ಬೈಟ್ ಮೀರುವಂತಿಲ್ಲ, ಮಾಮೂಲಿ ಲ್ಯಾನ್‌ನಲ್ಲಿ 1500. ಒಳ್ಳೆ ರೌಟರ್ ಇದನ್ನು ತಾನೇ ಸರಿದೂಗಿಸುತ್ತದೆ, ಕೆಲವು ಮಾಡುವುದಿಲ್ಲ. ರೈಲ್ವೆ ಅಂಡರ್‌ಬ್ರಿಜ್ ಕೆಳಗೆ ಬೈಕು ಎಷ್ಟು ಬೇಕಾದರೂ ಹೋಗುತ್ತವೆ, ಮೇವು ಹೇರಿದ ಲಾರಿ ಬಂದರೆ ಸಿಕ್ಕಿಬೀಳುತ್ತದೆ ನೋಡಿ, ಹಾಗೆ ಸಣ್ಣ ಪಿಂಗ್ ಹೋಗುತ್ತದೆ, ದೊಡ್ಡ ಡೌನ್‌ಲೋಡ್ ನಿಲ್ಲುತ್ತದೆ. ತುಂಡು ಮಾಡಬೇಡ ಅಂತ ಹೇಳಿ 1472 ಬೈಟಿನ ಪಿಂಗ್ ಕಳಿಸಿ, ಹೆಡರ್ 28 ಸೇರಿ 1500 ಆಗುತ್ತದೆ. ಅದು ಬಿದ್ದು 1464 ಹೋದರೆ ನಿಮ್ಮ ಲೈನ್ 1492ರದ್ದು. ಸರ್ವರಿನ ಎಂಟಿಯು ಅಷ್ಟಕ್ಕೆ ಇಳಿಸಿ ನೋಡಿ.

ಸರಿ, ಈಗ ನಿಜವಾದ ಪ್ಯಾಕೇಜ್ ಸಮಸ್ಯೆಗಳು. ಇದರಲ್ಲೂ ಒಂದಕ್ಕೆ ಬೇರು ನೆಟ್‌ವರ್ಕಿನಲ್ಲೇ ಇದೆ. ಡೆಬಿಯನ್ ಹಾಕುವಾಗ ನೆಟ್ ಇರಲಿಲ್ಲ ಅಂದುಕೊಳ್ಳಿ. ಇನ್‌ಸ್ಟಾಲರ್ ಏನು ಮಾಡುತ್ತದೆ, ಮಿರರ್, ಅಂದರೆ ಪ್ಯಾಕೇಜ್ ಇಟ್ಟಿರುವ ನೆಟ್‌ನ ಸರ್ವರ್, ಬಿಟ್ಟು ಮುಂದೆ ಹೋಗುತ್ತದೆ, ಪ್ಯಾಕೇಜ್ ಎಲ್ಲಿಂದ ತರಬೇಕು ಅಂತ ಹೇಳುವ ಸೋರ್ಸಸ್ ಫೈಲಿನಲ್ಲಿ ಸಿಡಿ-ರಾಮ್ ಅಂತ ಒಂದು ಸಾಲು ಮಾತ್ರ ಬರೆದಿಡುತ್ತದೆ. ಆಮೇಲೆ ನೆಟ್ ಬಂತು, ನೀವು ಏನು ಕೇಳಿದರೂ ಅದು ಡಿಸ್ಕ್ ಹಾಕಿ ಅನ್ನುತ್ತದೆ. ನೀವು ಹಾಕಿದ್ದು ಪೆನ್‌ಡ್ರೈವಿನಿಂದ, ಯಾವ ಡಿಸ್ಕ್ ಅಂತ ತಲೆ ಕೆಟ್ಟುಹೋಗುತ್ತದೆ. ಆ ಸಾಲಿನ ಮುಂದೆ ಒಂದು ಹ್ಯಾಷ್ ಹಾಕಿ, ಡೆಬಿಯನ್ನಿನ ಮಾಮೂಲಿ ಸಾಲುಗಳನ್ನು ಸೇರಿಸಿ, ಅಷ್ಟೇ ಕೆಲಸ.

ಇನ್ನೊಂದು, ಹಳೆ ವಿಡಿಯೋ ನೋಡಿ ಸಾಲು ಕಾಪಿ ಮಾಡುವುದು. ಓಪನ್‌ಮೀಡಿಯಾವಾಲ್ಟ್‌ನ ಪ್ರತಿ ಆವೃತ್ತಿಗೂ ಒಂದು ಡೆಬಿಯನ್ ಜೋಡಿ. 4ಕ್ಕೆ ಡೆಬಿಯನ್ 9, 6ಕ್ಕೆ 11, 7ಕ್ಕೆ 12. ಈ ಜೋಡಿ ಮುರಿದರೆ "ಅನ್‌ಮೆಟ್ ಡಿಪೆಂಡೆನ್ಸೀಸ್" ಅಂತ ಪುಟಗಟ್ಟಲೆ ಬರುತ್ತದೆ. ಹಳೆ ಡೆಬಿಯನ್ ಮಾಮೂಲಿ ಸರ್ವರಿನಿಂದ ಆರ್ಕೈವಿಗೆ ಹೋಗಿರುತ್ತದೆ, ಅದನ್ನು ಕೇಳಿದರೆ 404. 404 ಬಂತೆಂದರೆ ನಿಮ್ಮ ನೆಟ್ ಚೆನ್ನಾಗಿದೆ, ಕೇಳಿದ ವಸ್ತು ಅಲ್ಲಿಲ್ಲ. ಅದು ಬಹಳ ಒಳ್ಳೆ ಸುದ್ದಿ! ಕೆಲವರು ಬುಕ್‌ವರ್ಮ್ (ಡೆಬಿಯನ್ 12) ಸಾಲಿನ ಕೆಳಗೆ ಬುಲ್ಸ್‌ಐ (ಡೆಬಿಯನ್ 11) ಸಾಲು ಇಟ್ಟು ಎರಡೂ ಇರಲಿ ಅಂತಾರೆ. ಎರಡೂ ಇರಬಾರದು. ಇನ್ನು ಕೆಲವರು ಡೆಬಿಯನ್ ಹಾಕುವಾಗ ಡೆಸ್ಕ್‌ಟಾಪ್ ಕೂಡ ಟಿಕ್ ಮಾಡಿರುತ್ತಾರೆ. ಓಪನ್‌ಮೀಡಿಯಾವಾಲ್ಟ್‌ಗೆ ಡೆಸ್ಕ್‌ಟಾಪ್ ಇಲ್ಲದ ಖಾಲಿ ಡೆಬಿಯನ್ ಬೇಕು. ಇಲ್ಲಿ ಮಾತ್ರ ಮತ್ತೆ ಇನ್‌ಸ್ಟಾಲ್ ಮಾಡಿ, ನಾನು ಬೇಡ ಅನ್ನಲ್ಲ.

ಡೆಬಿಯನ್ ಮೇಲೇ ಕಟ್ಟಿದ ಇನ್ನೊಂದು ಸರ್ವರ್ ಸಿಸ್ಟಮ್ ಪ್ರಾಕ್ಸ್‌ಮಾಕ್ಸ್ ಹಾಕಿದವರಿಗೆ 401, ಅಂದರೆ ಅನುಮತಿ ಇಲ್ಲ ಅಂತ, ಬರುತ್ತದೆ. ಅದು ದುಡ್ಡು ಕಟ್ಟಿದವರ ರೆಪಾಸಿಟರಿ, ಅಂದರೆ ಪ್ಯಾಕೇಜ್ ಭಂಡಾರ, ಅದನ್ನು ಆಫ್ ಮಾಡಿ ನೋ-ಸಬ್‌ಸ್ಕ್ರಿಪ್ಷನ್ ಅನ್ನುವುದನ್ನು ಹಾಕಿಕೊಳ್ಳಿ. ಓಪನ್‌ಮೀಡಿಯಾವಾಲ್ಟ್ ಥರದ್ದೇ ಆದ ಟ್ರೂನ್ಯಾಸ್‌ನಲ್ಲಿ ಆಪ್ಟ್ ನಡೆಯುವುದೇ ಇಲ್ಲ, ಬೇಕಂತಲೇ ಮುಚ್ಚಿದ್ದಾರೆ.

ಕೊನೆಯದಾಗಿ ಕರೆಂಟ್. ಮುಂಗಾರು ಶುರುವಾದರೆ ಗುಡುಗುವ ಮೊದಲೇ ಕರೆಂಟ್ ಹೋಗುತ್ತದೆ, ಅಲ್ವಾ? ಇನ್‌ಸ್ಟಾಲ್ ನಡುವೆ ಹೋದರೆ ಮುಂದಿನ ಸಲ ಆಪ್ಟ್ "ಡಿಪಿಕೆಜಿ ವಾಸ್ ಇಂಟರಪ್ಟೆಡ್" ಅನ್ನುತ್ತದೆ, ಏನು ಟೈಪ್ ಮಾಡಬೇಕು ಅಂತ ಅದೇ ಸಾಲಿನಲ್ಲಿ ಹೇಳುತ್ತದೆ. ಡಿಪಿಕೆಜಿ, ಎರಡು ಹೈಫನ್, ಕಾನ್ಫಿಗರ್, ಹೈಫನ್ ಎ. ಅದಾದಮೇಲೂ ಉಳಿದರೆ ಆಪ್ಟ್‌ಗೆ ಫಿಕ್ಸ್-ಬ್ರೋಕನ್ ಕೊಡಿ. ಮನೆಯಲ್ಲಿ ಇನ್ವರ್ಟರ್ ಇದೆ ಅಂತ ಧೈರ್ಯವಾಗಿರಬೇಡಿ. ಹಿಂದೆ ಒಂದು ಸ್ವಿಚ್ ಇರುತ್ತದೆ, ನಾರ್ಮಲ್ ಮತ್ತು ಯುಪಿಎಸ್ ಅಂತ. ನಾರ್ಮಲ್‌ನಲ್ಲಿದ್ದರೆ ಫ್ಯಾನ್ ನಿಲ್ಲದಿದ್ದರೂ ಪಿಸಿ ರೀಸ್ಟಾರ್ಟ್ ಆಗಬಹುದು. ರೌಟರನ್ನೂ ಅದೇ ಲೈನಿಗೆ ಹಾಕಿ. ಇನ್ನೊಂದು ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಸರ್ವರಿಗೆ ಕಮಾಂಡ್ ಕೊಡುತ್ತಿದ್ದರೆ ಟಿಮಕ್ಸ್ ಅನ್ನುವ ಪ್ರೋಗ್ರಾಮಿನ ಒಳಗೆ ಮಾಡಿ, ವೈಫೈ ಬಿದ್ದರೂ ಕೆಲಸ ಅಲ್ಲಿ ನಡೆಯುತ್ತಿರುತ್ತದೆ.

"ಕುಡ್ ನಾಟ್ ಗೆಟ್ ಲಾಕ್" ಅಂತ ಬಂದರೆ ಲಾಕ್ ಫೈಲ್ ಅಳಿಸಬೇಡಿ. ಹಿಂದೆ ಇನ್ನೊಂದು ಅಪ್‌ಡೇಟ್ ನಡೆಯುತ್ತಿದೆ, ಮುಗಿಯಲಿ. ಅಳಿಸಿದರೆ ಇಬ್ಬರು ಒಂದೇ ಸಲ ಡೇಟಾಬೇಸಿಗೆ ಬರೆಯಲು ಹೋಗುತ್ತಾರೆ.

ಕೆಲವು ಪ್ರಶ್ನೆ ಬಂದಿವೆ. ಹೆಚ್ಚು ಡಿಸ್ಕ್ ಜೋಡಿಸಲು ಹೊಸ ಸಾಟಾ ಕಾರ್ಡ್ ಹಾಕಿದ ಮೇಲೆ ನೆಟ್ ಹೋಯಿತು ಅಂತ ಒಬ್ಬರು. ಲಿನಕ್ಸ್ ನೆಟ್‌ವರ್ಕ್ ಕಾರ್ಡಿಗೆ ಅದು ಕೂತ ಜಾಗದ ಮೇಲೆ ಹೆಸರಿಡುತ್ತದೆ. ನೀವು ಮಧ್ಯೆ ಇನ್ನೊಂದು ಕಾರ್ಡ್ ತೂರಿಸಿದಿರಿ, ನಂಬರ್ ಜರುಗಿತು, ಇಎನ್‌ಪಿ2 ಇದ್ದದ್ದು ಇಎನ್‌ಪಿ3 ಆಯಿತು. ಸೆಟ್ಟಿಂಗ್ ಇನ್ನೂ ಹಳೆ ಹೆಸರಿಗೇ ಇದೆ. ಫಸ್ಟ್‌ಏಡ್ ಮೆನುವಿನಲ್ಲಿ ಹೊಸದನ್ನು ಆರಿಸಿ.

ವಿಂಡೋಸ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಸರ್ವರ್ ಕಾಣಲ್ಲ ಅಂತ ಇನ್ನೊಬ್ಬರು. ಆ ಪಟ್ಟಿ ನಂಬಬೇಡಿ. ಎಕ್ಸ್‌ಪ್ಲೋರರ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿ ಐಪಿ ಟೈಪ್ ಮಾಡಿ. ತೆರೆದರೆ ಸರ್ವರ್ ಸರಿ ಇದೆ. ಎಸ್‌ಎಂಬಿ1 ಆನ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಫೈಲ್ ಶೇರಿಂಗಿನ ಹಳೆಯ, ಸುರಕ್ಷಿತವಲ್ಲದ ವಿಧಾನ.

ಹೊರಗಿನಿಂದ, ಅಂದರೆ ಬೆಂಗಳೂರಿನಲ್ಲಿರುವ ಮಗಳು ಹುಬ್ಬಳ್ಳಿಯ ಸರ್ವರ್ ನೋಡಬೇಕು, ಹೊರಗಿನಿಂದ ಬಂದದ್ದನ್ನು ಸರ್ವರಿಗೆ ಕಳಿಸು ಅಂತ ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ ಬರುತ್ತಿಲ್ಲ ಅಂತ ಒಬ್ಬರು ಮೇಡಂ ಕೇಳಿದ್ದಾರೆ. ರೌಟರ್ ಪೇಜಿನಲ್ಲಿ ವ್ಯಾನ್ ಐಪಿ ನೋಡಿ ಮೇಡಂ. 100.64ರಿಂದ 100.127ರ ಒಳಗೆ ಇದ್ದರೆ ನಿಮ್ಮ ನೆಟ್ ಕಂಪನಿ ಅನೇಕ ಮನೆಗಳಿಗೆ ಒಂದೇ ಹೊರಗಿನ ವಿಳಾಸ ಹಂಚಿದೆ, ನೀವು ಎಷ್ಟು ಫಾರ್ವರ್ಡ್ ಮಾಡಿದರೂ ಅದು ನಿಮ್ಮ ರೌಟರಿನ ತನಕ ಬರುವುದೇ ಇಲ್ಲ. ಕಂಪನಿಗೆ ಪಬ್ಲಿಕ್ ಐಪಿ ಕೇಳಬೇಕು, ಇಲ್ಲಾ ದೂರದ ಎರಡು ಮಷೀನುಗಳನ್ನು ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿಸುವ ಟೇಲ್‌ಸ್ಕೇಲ್ ಥರದ್ದನ್ನು ಎರಡೂ ಕಡೆ ಹಾಕಿಕೊಳ್ಳಬೇಕು. ಪಬ್ಲಿಕ್ ಐಪಿ ಸಿಕ್ಕರೂ 445ನೇ ಪೋರ್ಟನ್ನು ಮಾತ್ರ ಹೊರಗೆ ತೆರೆಯಬೇಡಿ, ಫೈಲ್ ಶೇರಿಂಗ್ ನಡೆಯುವುದು ಅದರಲ್ಲೇ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನುವ ವೈರಸ್ ವಿಂಡೋಸ್ ಮಷೀನುಗಳಿಗೆ ಹಬ್ಬಿದ್ದು ಅದೇ ಬಾಗಿಲಿನಿಂದ. ಮಗಳ ಲ್ಯಾಪ್‌ಟಾಪಿಗೆ ಟೇಲ್‌ಸ್ಕೇಲ್ ಹಾಕಲು ಹತ್ತು ನಿಮಿಷ ಸಾಕು, ಬೇಕಾದರೆ ಈಗಲೇ ಫೋನ್ ಹಚ್ಚಿ ಕೊಡಿ, ಹೇಳಿಕೊಡುತ್ತೇನೆ.